ಮಳೆಗಾಲಕ್ಕೆ ಮುಚ್ಚಿದ ದಾರಿ

ಶನಿವಾರ ಮಧ್ಯಾಹ್ನವಾದರೆ ಸಾಕು, ನಮ್ಮ ಆಫೀಸಿನಲ್ಲಿ ಯಾರ ಮನಸ್ಸೂ ಕುರ್ಚಿಯ ಮೇಲೆ ಇರುವುದಿಲ್ಲ. ಅರ್ಧ ಬೆಳಗಾವಿ ಖಾನಾಪುರದ ಕಡೆ ಮುಖ ಮಾಡಿ ನಿಂತಿರುತ್ತದೆ. ಒಬ್ಬರು ಹೊಸ ಬೂಟು ತಂದಿರುತ್ತಾರೆ, ಇನ್ನೊಬ್ಬರು ಮಡಚುವ ಡೇರೆ. ಗುಡ್ಡ ಹತ್ತುವವರು, ಧಬಧಬೆ ನೋಡುವವರು, ಸೈಕಲ್ ತುಳಿಯುವವರು, ಏನೂ ಇಲ್ಲದಿದ್ದರೆ ಕಾರಿನ ಬಾಗಿಲು ತೆಗೆದಿಟ್ಟು ಹಾಡು ಹಚ್ಚಿ ರಸ್ತೆಯ ಬದಿಗೆ ಕೂಡ್ರುವವರು. ನನ್ನ ಬಾಜು ಟೇಬಲ್ಲಿನವರು ವಾರಕ್ಕೊಮ್ಮೆ ತಪ್ಪದೆ ಹೇಳುತ್ತಾರೆ: "ಮೇಡಂ, ಪುಣ್ಯಾ ಮಾಡೀರಿ ನೋಡ್ರಿ. ನಿಮ್ಮ ಊರ ಕಡೆ ಹವಾ ಅಂದ್ರ ಹವಾ."

ಹವಾ ಚೆನ್ನಾಗಿದೆ, ಇಲ್ಲ ಎಂದವರು ಯಾರು? ಹವಾ ಕುಡಿದು ಎಮ್ಮೆ ಹಾಲು ಕೊಡುವುದಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ನುಂಗಿಕೊಂಡು ಫೈಲು ತೆಗೆಯುತ್ತೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ಬರಬೇಕಾದ ಹೊತ್ತಿನಲ್ಲಿ ಮಾತ್ರ ಬರುವುದಿಲ್ಲ. ಇದು ನನ್ನ ಹಳೆಯ ರೋಗ.

ನಮ್ಮ ಊರೆಂದರೆ ಊರೂ ಅಲ್ಲ. ಗುಂಜಿ ಸ್ಟೇಷನ್ನಿನಲ್ಲಿ ಇಳಿದು ಕಾಡಿನ ಅಂಚು ಹಿಡಿದು ಅರ್ಧ ಗಂಟೆ ನಡೆದರೆ ಸಿಗುವ ಇಪ್ಪತ್ತು ಮನೆಗಳು. ಎಮ್ಮೆ ಸಾಕಿ ಬದುಕುವ ಗವಳಿಗರು ನಾವು. ಎಮ್ಮೆಯ ಜೊತೆ ಮರಾಠಿ, ಸಂತೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವ್ವ ಅಪ್ಪ ಬೇಗ ಹೋದರು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ನನ್ನನ್ನು ಸಾಕಿದಳು. ಬೆಳಿಗ್ಗೆ ಹಾಲು ಹಿಂಡಿ, ಕ್ಯಾನು ಹೊತ್ತು ರೈಲಿಗೆ ಹಾಕಿ, ಖಾನಾಪುರದ ಚಹಾದಂಗಡಿಗಳಿಗೆ ಕೊಟ್ಟು ಬಂದು ನನ್ನನ್ನು ಕನ್ನಡ ಶಾಲೆಗೆ ಕಳಿಸಿದಳು. ಅಕ್ಷರ ಕಲಿತು ನೌಕರಿ ಹಿಡಿದು ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಮಾಡಿದವಳು ನಾನು. ಗಂಡ ತೀರಿಕೊಂಡ ಮೇಲೂ ಏಳು ಎಮ್ಮೆ ಕಟ್ಟಿಕೊಂಡು ಅಲ್ಲೇ ನಿಂತವಳು ಅವಳು. ಪೇಟೆಗೆ ಬಾ ಎಂದರೆ, "ಬರ್ತೀನಿ, ನಿನ್ನ ಮೂರನೇ ಮಾಳಿಗಿ ಮ್ಯಾಲ ಎಮ್ಮಿ ಹೆಂಗ ಹತ್ತಸ್ತಿ ಹೇಳ" ಎಂದು ನಗುತ್ತಿದ್ದಳು.

ಅವಳ ಕೊಟ್ಟಿಗೆಯಿಂದ ಹೊಳೆಯ ಮಡುವಿಗೆ ಒಂದು ದಾರಿ ಇತ್ತು. ಒಂದು ಎಮ್ಮೆ, ಅದರ ಬದಿಗೆ ಒಬ್ಬ ಮನುಷ್ಯ ಹಿಡಿಯುವಷ್ಟೇ ಅಗಲ. ಅದು ಹೋಗುತ್ತಿದ್ದದ್ದು ಪಕ್ಕದ ಕಾಕಾನ ಭತ್ತದ ಹೊಲದ ನಡುವೆ. ಬೇಸಿಗೆಯಲ್ಲಿ ಮನೆಯ ಬಾವಿ ಹೋಳಿ ಹುಣ್ಣಿಮೆಗೇ ತಳ ಕಾಣುತ್ತದೆ, ಮಡು ಮಾತ್ರ ಬತ್ತುವುದಿಲ್ಲ. ಎಮ್ಮೆಗೆ ಕುಡಿಯುವ ನೀರು ಕೊಟ್ಟರೆ ಸಾಲದು, ಬಿಸಿಲ ಹೊತ್ತಿನಲ್ಲಿ ಅದು ನೀರೊಳಗೆ ಬೀಳಬೇಕು. ಬೀಳದಿದ್ದರೆ ಮೈ ಕಾದು, ಮೇವು ಬಿಟ್ಟು, ಕೆಚ್ಚಲು ಒಣಗುತ್ತದೆ. ಏಳು ಎಮ್ಮೆಗಳ ಜೀವ ಆ ದಾರಿಯ ಮೇಲೆ ನಡೆಯುತ್ತಿತ್ತು, ಅಕ್ಕನದೂ.

ಆ ದಾರಿಗೆ ಒಂದು ರೂಢಿ ಇತ್ತು. ಮುಂಗಾರು ಹಿಡಿದ ಕೂಡಲೇ ದಾರಿ ಮುಚ್ಚಬೇಕು. ಮಳೆಗಾಲದಲ್ಲಿ ಕಾಲಿಟ್ಟಲ್ಲೆಲ್ಲ ನೀರು, ಎಮ್ಮೆಗೆ ಮಡು ಬೇಡ. ಹೊಲದವನಿಗೆ ಅಷ್ಟು ನೆಲದಲ್ಲೂ ನಾಲ್ಕು ತೆನೆ ಬರುತ್ತವೆ. ಕವಳಿಯ ಮುಳ್ಳುಕೊಂಬೆ ಕಡಿದು ತಂದು ದಾರಿಯ ಬಾಯಿಗೆ ಹಾಕುವುದು ದನದವರ ಕೆಲಸ. ಭತ್ತ ಕೊಯ್ದ ಮೇಲಿನ ಮೊದಲ ಸೋಮವಾರ ಆ ಮುಳ್ಳು ತೆಗೆಯುವುದು ಹೊಲದವರ ಕೆಲಸ. ಮುಚ್ಚುವ ಕೈ ನಮ್ಮದು, ತೆರೆಯುವ ಕೈ ಅವರದು. ಆ ದಿನ ಅಕ್ಕ ಚರಗಿಯ ತುಂಬ ಹಾಲು ಒಯ್ದು ಕಾಕಾನ ಮನೆಗೆ ಕೊಡುತ್ತಿದ್ದಳು. ಅಜ್ಜಿಯ ಕಾಲದಿಂದ, ಅದಕ್ಕೂ ಹಿಂದಿನಿಂದ ಹೀಗೇ ನಡೆದಿತ್ತು. ಕಾಗದ ಎಲ್ಲಿಯೂ ಇರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಕಾಕಾ ಸತ್ತ ಮರುವರ್ಷ ಅವನ ಮಕ್ಕಳು ಹೊಲ ಮಾರಿದರು. ಅವರನ್ನು ಬೈಯುವುದಕ್ಕೂ ನನಗೆ ಬಾಯಿ ಇಲ್ಲ. ಒಬ್ಬ ದೇಸೂರಿನ ಕಡೆ ಕಾರ್ಖಾನೆಗೆ ಹೋಗುತ್ತಾನೆ, ಇನ್ನೊಬ್ಬನಿಗೆ ಕೆಸರು ಕಂಡರಾಗದು. ನಾನೇನು ಕೆಸರು ತುಳಿಯುತ್ತಿದ್ದೆನೇ? ಕೊಂಡವರು ಬೆಳಗಾವಿಯವರು. ಹೊಳೆಯ ದಂಡೆಗೆ ಎಂಟು ಹತ್ತು ಸಣ್ಣ ಮನೆ ಕಟ್ಟಿ, ವಾರದ ಕೊನೆಗೆ ಬರುವ ಮಂದಿಗೆ ಬಾಡಿಗೆಗೆ ಕೊಡುವ ವಿಚಾರ ಅವರದು. ಕಟ್ಟಡ ಶುರುವಾಗುವುದು ಹೇಗೂ ದೀಪಾವಳಿಯ ಮೇಲೆ, ಅಲ್ಲಿಯವರೆಗೆ ಇನ್ನೊಂದು ಬೆಳೆ ತೆಗೆದುಕೊಳ್ಳಿ ಎಂದು ಕಾಕಾನ ಮಕ್ಕಳಿಗೇ ಹೇಳಿದ್ದರು. ಕೆಟ್ಟ ಮನುಷ್ಯ ಅಂದುಕೊಂಡೇ ಅಕ್ಕನ ಜೊತೆ ಅವರನ್ನು ಕಾಣಲು ಹೋಗಿದ್ದೆ. ಎದ್ದು ನಿಂತು ಕುರ್ಚಿ ಕೊಟ್ಟರು.

"ಅಕ್ಕಾರ, ನಾ ಯಾರ ಹೊಟ್ಟಿ ಮ್ಯಾಲ ಕಾಲ ಇಡಾಕ ಬಂದಿಲ್ಲರಿ," ಎಂದರು. "ಕಾಗದದಾಗ ದಾರಿ ಐತಿ ಅಂದ್ರ ನಾಳೇನ ಬಿಡ್ತೀನಿ. ಬರೇ ಬಾಯಿಮಾತಿನ ಮ್ಯಾಲ ಬಿಟ್ರ ನಾಡದ ಹತ್ತ ಮಂದಿ ಬರ್ತಾರ. ಅಷ್ಟ ತೋರಿಸ್ರಿ, ಸಾಕು."

ಆ ಜೂನ್ ತಿಂಗಳ ಒಂದು ಭಾನುವಾರ ನಾನು ಊರಲ್ಲಿದ್ದೆ. ಮಳೆ ಹಿಡಿದಿತ್ತು. ಅಕ್ಕ ಕುಡಗೋಲು ಹಿಡಿದು ಕವಳಿಯ ಮೆಳೆಯ ಕಡೆ ಹೊರಟಳು. ಹೊಲ ಮಾರಿ ಹೋಗಿದೆ, ದಾರಿಯ ತಕರಾರು ಎದ್ದಿದೆ, ಈಗಲೂ ಇವಳೇ ಹೋಗಿ ಮುಚ್ಚುತ್ತಾಳಲ್ಲ ಎಂದು ನನಗೆ ಆಗ ಹೊಳೆಯಿತೇ? ಹೊಳೆಯಲಿಲ್ಲ. ಅವಳ ಹಿಂದೆಯೇ ಹೋಗಿ ಎರಡು ಕೊಂಬೆ ನಾನೇ ಎಳೆದು ತಂದು ಹಾಕಿದೆ. ಅಂಗೈಗೆ ಮುಳ್ಳು ನೆಟ್ಟಿತು. ಅಕ್ಕ ಅದನ್ನು ತೆಗೆಯುತ್ತ, "ಹೊಲಾ ಯಾರದರ ಆಗ್ಲಿ, ಬೆಳಿ ಬೆಳೀನ ಅಲ್ಲನು" ಎಂದಳು. ನಾನು ಹೌದೆಂದೆ.

ಆಮೇಲೆ ಅಕ್ಕನ ಹೆಸರಿನಲ್ಲಿ ತಹಶೀಲ್ದಾರ ಕಚೇರಿಗೆ ಅರ್ಜಿ ಬರೆದವಳು ನಾನು. ಎರಡು ಪುಟ, ಚಂದದ ಅಕ್ಷರ, ಲಾಗಾಯ್ತಿನಿಂದ ಇರುವ ದಾರಿ ಎಂಬುದರ ಕೆಳಗೆ ಗೆರೆ ಎಳೆದಿದ್ದೆ. ಸ್ಥಳ ನೋಡಲು ಒಬ್ಬ ಸಾಹೇಬರು ಬರುವುದೆಂದು ಆಯಿತು. ಯಾವಾಗ ಅನುಕೂಲ ಎಂದು ಅವರೇ ಫೋನಿನಲ್ಲಿ ಕೇಳಿದರು. ಶ್ರಾವಣದಲ್ಲಿ ಬನ್ನಿ ಎಂದೆ.

"ಸುಗ್ಗಿ ಆಗ್ಲಿ ತಡಿ ತಂಗಿ," ಎಂದಳು ಅಕ್ಕ. "ಈಗ ಬಂದು ಏನ್ ನೋಡ್ತಾರ ಅವರು, ಭತ್ತಾ?"

"ಸುಗ್ಗಿ ಆದ ಮ್ಯಾಲ ಅವರು ಕಲ್ಲ ನೆಟ್ಟ ಬಿಡ್ತಾರ. ನಿನಗ ಕಚೇರಿ ಕೆಲಸ ತಿಳಿಯಂಗಿಲ್ಲ, ಸುಮ್ನ ಕುಂದರು. ಶ್ರಾವಣದಾಗ ನನಗ ರಜಾ ಐತಿ."

ಕಲ್ಲು ನೆಡುವ ಭಯ ಸುಳ್ಳಲ್ಲ. ಆದರೆ ಪೂರ್ತಿ ಮಾತು ಅದಲ್ಲ. ದೀಪಾವಳಿಯ ರಜೆಯಲ್ಲಿ ಗಂಡ ಮಕ್ಕಳ ಜೊತೆ ಗೋವೆಗೆ ಹೋಗುವುದೆಂದು ನಿಕ್ಕಿಯಾಗಿತ್ತು. ಸಮುದ್ರದ ದಂಡೆಯಲ್ಲಿ ಇಂಥದೇ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ಅದು ಯಾರ ಹೊಲವಾಗಿತ್ತೋ ನಾನು ಕೇಳಿರಲಿಲ್ಲ. ಸುಗ್ಗಿಗೆ ಬನ್ನಿ ಎಂದಿದ್ದರೆ ಆ ರಜೆ ಹೋಗುತ್ತಿತ್ತು. ಇದನ್ನು ಅಕ್ಕನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ಆ ದಿನ ಬೆಳಿಗ್ಗೆ ರೈಲು ಹಿಡಿದೆ. ದೇಸೂರು ದಾಟುವಾಗ ಹಸಿರು ಗದ್ದೆಗಳ ನಡುವೆ ಪ್ಲಾಟಿನ ಕಲ್ಲುಗಳು ಬಿಳಿ ಬಣ್ಣ ಬಳಿದುಕೊಂಡು ಸಾಲಾಗಿ ನಿಂತಿದ್ದವು. ನಮ್ಮ ಕೆಲಸ ಆಗೇ ಆಗುತ್ತದೆ ಎಂಬ ಧೈರ್ಯದಲ್ಲಿ ಖಾನಾಪುರದಲ್ಲಿ ರೈಲು ನಿಂತಾಗ ಇಳಿದು ಪೇಢೆ ಕೂಡ ಕೊಂಡೆ. ಓದಿದವಳ ಸೊಕ್ಕು ಎಂದರೆ ಅದೇ ಇರಬೇಕು.

ಸಾಹೇಬರು ಛತ್ರಿ ಹಿಡಿದು ಹೊಲದ ಬದುವಿನ ಮೇಲೆ ನಿಂತರು. ನಿಧಾನದ ಮನುಷ್ಯ, ಕಿರುಚುವವರಲ್ಲ. ಅವರ ಮುಂದೆ ಮೊಣಕಾಲೆತ್ತರದ ಭತ್ತ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ನಿಂತಿತ್ತು. ದಾರಿಯ ಬಾಯಲ್ಲಿ ಕವಳಿಯ ಮುಳ್ಳು, ಅದರ ಮೇಲೆ ಬಳ್ಳಿ ಬೇರೆ ಹಬ್ಬಿತ್ತು. ಅಲ್ಲಿಯವರೆಗೆ ನನ್ನ ಕಣ್ಣಿಗೆ ದಾರಿ ಕಾಣುತ್ತಿತ್ತು; ಅವರ ಪಕ್ಕ ನಿಂತು ನೋಡಿದಾಗ ಕಾಣಲಿಲ್ಲ.

"ಈ ಬೇಲಿ ಹಚ್ಚಿದವರು ಯಾರ್ರಿ?" ಎಂದರು.

"ನಾನ ಹಚ್ಚೇನ್ರಿ," ಎಂದಳು ಅಕ್ಕ.

"ದಾರಿ ನಿಮ್ದು ಅಂತೀರಿ. ಮತ್ತ ನೀವ ಯಾಕ ಮುಚ್ಚಿದ್ರಿ?"

"ಬೆಳಿ ಐತಲ್ರಿ ಸಾಹೇಬ್ರ. ಬೆಳಿಯೊಳಗ ದನಾ ಹೊಡಿಯಾಕ ಬರತೈತೇನ್ರಿ?"

ಸಾಕ್ಷಿಗೆಂದು ಕರೆದಿದ್ದ ಇಬ್ಬರು ಹಿರಿಯರು ರೂಢಿಯನ್ನು ಇದ್ದದ್ದು ಇದ್ದಂತೆ ಹೇಳಿದರು. ಮುಚ್ಚುವ ಕೈ, ತೆರೆಯುವ ಕೈ, ಚರಗಿಯ ಹಾಲು, ಎಲ್ಲವನ್ನೂ. ಸಾಹೇಬರು ತಲೆಯಾಡಿಸುತ್ತ ಕೇಳಿದರು. "ಸುಗ್ಗಿ ಆದ ಮ್ಯಾಲ ದನಾ ಎಲ್ಲಾರ ಹೊಲದಾಗೂ ಅಡ್ಡಾಡ್ತಾವ್ರಿ ಯಜಮಾನ್ರ," ಎಂದರು. "ಅದಕ್ಕ ದಾರಿ ಅಂತ ಬರಿಯಾಕ ಬರೂದಿಲ್ಲ. ನಾ ಕಂಡದ್ದು ಬರೀಬೇಕಾಗ್ತೈತಿ." ಅದರಲ್ಲಿ ತಪ್ಪು ಹುಡುಕಲು ನಾನು ಬಹಳ ಸಲ ಪ್ರಯತ್ನಿಸಿದ್ದೇನೆ. ಸಿಕ್ಕಿಲ್ಲ.

ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಅವರು ಬರೆದರು. ಓದಿ ಹೇಳಿ ಎಂದು ಹಾಳೆಯನ್ನು ನನ್ನ ಕೈಗೇ ಕೊಟ್ಟರು. ಸ್ಥಳದಲ್ಲಿ ಭತ್ತದ ಬೆಳೆ ಇರುತ್ತದೆ. ಅರ್ಜಿದಾರಳು ತಾನೇ ಬೇಲಿ ಹಾಕಿರುವುದಾಗಿ ಒಪ್ಪಿರುತ್ತಾಳೆ. ದಾರಿಯ ಯಾವುದೇ ಕುರುಹು ಕಂಡುಬರುವುದಿಲ್ಲ. ನಾನು ಓದಿದೆ. ಅಕ್ಕ ಸೆರಗಿನಿಂದ ಮುಖದ ಮೇಲಿನ ಮಳೆಹನಿ ಒರೆಸಿಕೊಂಡಳು.

"ಖರೇನ ಬರದಾರಲ್ಲ," ಎಂದು ಸಹಿಗೆ ಪೆನ್ನು ಕೇಳಿದಳು.

ಸಹಿ ಮಾಡಬೇಡ, ಸುಗ್ಗಿಯ ಮೇಲೆ ಇನ್ನೊಮ್ಮೆ ಬಂದು ನೋಡಿ ಅಂತ ಬರೆಸೋಣ ಎಂದು ನಾನು ಹೇಳಬಹುದಿತ್ತು. ಆಗ ಸಿಟ್ಟು ಬರಬೇಕಿತ್ತು. ಮನೆಯಲ್ಲಿ, ಆಫೀಸಿನಲ್ಲಿ, ತರಕಾರಿಯವಳ ಮುಂದೆ ಭರಪೂರ ಬರುವ ಸಿಟ್ಟು ಆ ದಿನ ಎಲ್ಲಿ ಹೋಗಿತ್ತೋ. ಅವರೂ ಬರೆದು ಮುಗಿಸಿದ್ದರು, ಮಳೆಯೂ ಜೋರಾಗಿತ್ತು, ನನಗೆ ಸಂಜೆಯ ರೈಲಿತ್ತು. ಪೆನ್ನು ಕೊಟ್ಟೆ. ನಾನೇ ಕಲಿಸಿದ ಸಹಿ, ಸ್ವಲ್ಪ ಸೊಟ್ಟ. ಪೇಢೆಯನ್ನು ಸಾಹೇಬರಿಗೆ, ಹಿರಿಯರಿಗೆ ಹಂಚಿದೆವು. ಎರಡು ತಿಂಗಳಿಗೆ ಅರ್ಜಿ ತಿರಸ್ಕಾರವಾದ ಕಾಗದ ಬಂತು. ಮೇಲಿನ ಕಚೇರಿಗೆ ಹೋಗಬಹುದಿತ್ತಂತೆ. ಆದರೆ ವಕೀಲರು ಆ ಹಾಳೆ ನೋಡಿ, ಬೇಲಿ ನೀವೇ ಹಾಕಿದಿರಿ ಅಂತ ಸಹಿ ಮಾಡಿದ ಮೇಲೆ ಏನು ಉಳಿಯಿತು ಎಂದರು.

ದೀಪಾವಳಿ ಆಯಿತು. ನಾವು ಗೋವೆಗೆ ಹೋಗಿ ಬಂದೆವು. ಭತ್ತ ಕೊಯ್ದ ಮರುದಿನವೇ ಹೊಲದ ಸುತ್ತ ಕಲ್ಲುಕಂಬ ನಿಂತವು, ತಂತಿ ಬಂತು. ಮೊದಲ ಸೋಮವಾರ ಅಕ್ಕ ಸುಮ್ಮನಿರಬೇಕಿತ್ತಲ್ಲ? ಇಲ್ಲ. ಚರಗಿಯ ತುಂಬ ಹಾಲು ತೆಗೆದುಕೊಂಡು, ಅರಿಷಿಣ ಕುಂಕುಮ ಹಚ್ಚಿ, ತಂತಿಯ ಈಚೆ ಹೋಗಿ ನಿಂತಳು. ತೆರೆಯುವ ಕೈ ಅವರದು, ಬಂದು ತೆರೆಯಲಿ ಎಂದು. ಅಲ್ಲಿದ್ದವನು ಎಲ್ಲಿಯೋ ದೂರದಿಂದ ಬಂದ ಕಾವಲುಗಾರ. ಹಾಲು ಕೊಡಲು ಬಂದಿದ್ದಾಳೆ ಎಂದುಕೊಂಡು ಒಳಗೆ ಒಯ್ದು ಚಹಾ ಮಾಡಿಕೊಂಡ. ಸಂಜೆ ಫೋನಿನಲ್ಲಿ ಅಕ್ಕ ಇದನ್ನೆಲ್ಲ ಹೇಳಿ, "ಚರಗಿ ತೊಳದ ಕೊಟ್ಟ ನೋಡು. ಪಾಪ, ಛಲೋ ಮನಿಶಾ," ಎಂದಳು. ಫೋನು ಇಟ್ಟು ನಾನು ಅತ್ತೆ. ಅವಳು ಅತ್ತಳೋ ಇಲ್ಲವೋ ಗೊತ್ತಿಲ್ಲ.

ಬಾಡಿಗೆ ಮನೆಗಳು ಎದ್ದ ಮೇಲೆ ಊರ ಸಭೆಯಲ್ಲಿ ಒಮ್ಮೆ ಈ ಮಾತು ಎತ್ತಿದೆ. ರಸ್ತೆ ಅಗಲವಾಗಿದೆ, ರಾತ್ರಿಯೂ ದೀಪ ಇದೆ, ಹೊಳೆಯ ದಂಡೆಗೆ ಬಾಟಲಿ ಬಿದ್ದಿವೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೆಂಗಸರು ಹೋಗುವಂತಿಲ್ಲ, ಇದೆಲ್ಲ ಮಾತು ನಡೆದಿತ್ತು. ನಾನು ದಾರಿ ಎಂದ ಕೂಡಲೇ ಹಿಂದಿನಿಂದ ಒಬ್ಬ ಹೆಂಗಸು ಎದ್ದಳು. "ನನ್ನ ಸೊಸಿಗೆ ಅಲ್ಲಿ ಕಸಾ ಹೊಡಿಯೂ ಕೆಲಸ ಸಿಕ್ಕೈತಿ. ನೀವು ಬೆಳಗಾವಿಯಿಂದ ಬಂದು ಬೇಲಿ ಬೇಲಿ ಅಂದ್ರ ಅದೂ ಹೋಗ್ತೈತ್ರಿ ಬಾಯಾರ." ಕೂತುಕೊಂಡೆ. ನನ್ನ ಪಕ್ಕದಲ್ಲಿ ಅಕ್ಕ, ಆ ಹೆಂಗಸಿಗೆ ಜಾಗ ಬಿಟ್ಟು ಸರಿದು, "ಆಕಿದೂ ಖರೇನ ಐತಿ" ಎಂದಳು.

ತಂತಿ ಬಂದ ಮೇಲಿನ ಮೊದಲ ಬೇಸಿಗೆಯಲ್ಲಿ ಎಮ್ಮೆಗಳನ್ನು ಡಾಂಬರು ರಸ್ತೆಯ ಮೇಲೆ ಎರಡು ಮೈಲಿ ನಡೆಸಿ ಸೇತುವೆಯ ಕೆಳಗೆ ಇಳಿಸಬೇಕಾಯಿತು. ಎಮ್ಮೆ ಅವಸರದ ಪ್ರಾಣಿಯಲ್ಲ. ಹಾರ್ನಿಗೆ ಕೋಣನ ಮುಂದೆ ಕಿನ್ನರಿ ಬಾರಿಸಿದಷ್ಟೇ ಬೆಲೆ. ಒಂದು ಭಾನುವಾರ ನಾನೂ ಕೋಲು ಹಿಡಿದು ಜೊತೆಗೆ ಹೋಗಿದ್ದೆ. ಕಾದ ಡಾಂಬರಿನ ಮೇಲೆ ಮುದಿ ಎಮ್ಮೆ ಮುಗ್ಗರಿಸಿ ನಿಂತಿತು. ಹಿಂದೆ ಕಾರುಗಳ ಸಾಲು. ಒಂದು ಕಾರಿನ ಗಾಜು ಇಳಿದು, "ಅರೆ ಮೇಡಂ, ನೀವಿಲ್ಲಿ?" ಎಂದು ನನ್ನ ಬಾಜು ಟೇಬಲ್ಲಿನವರು ಇಣುಕಿದರು. "ಹಿಂಗ ಸುಮ್ನ ಬಂದಿದ್ದೆ," ಎಂದೆ. ಅಕ್ಕ ಎರಡು ಮಾರು ದೂರದಲ್ಲಿ ಎಮ್ಮೆಯ ಬೆನ್ನು ತಟ್ಟುತ್ತಿದ್ದಳು. ಇವಳು ನನ್ನ ಅಕ್ಕ ಎಂದು ನಾನು ಹೇಳಲಿಲ್ಲ. ಅವಳು ಕೇಳಿಸಿಕೊಂಡಳು. ಮನೆಗೆ ಬಂದು ನನ್ನ ಕಾಲಿಗೆ ನೀರು ಕೊಟ್ಟಳು, ಅಷ್ಟೇ.

ಹಾಲು ಅರ್ಧಕ್ಕೆ ಇಳಿಯಿತು. ಮರುವರ್ಷದ ಬೇಸಿಗೆಗೆ ಮೊದಲೇ ಧಾರವಾಡದ ಕಡೆಯವರು ಗಾಡಿ ತಂದು ಎಮ್ಮೆಗಳನ್ನು ಒಯ್ದರು. ಎಮ್ಮೆ ಕೊಟ್ಟರೂ ಹಗ್ಗ ಕೊಡುವ ರೂಢಿ ನಮ್ಮಲ್ಲಿಲ್ಲ. ಏಳು ಹಗ್ಗ ಕೊಟ್ಟಿಗೆಯ ಗೂಟದಲ್ಲಿ ಉಳಿದವು. ಇನ್ನಾದರೂ ನನ್ನ ಜೊತೆ ಬಾ ಎಂದೆ. "ಬಂದು ಏನ್ ಮಾಡ್ಲಿ?" ಎಂದಳು. ಮುಂಚಿನ ನಗೆಮಾತು ಈ ಸಲ ಬರಲಿಲ್ಲ.

ಈ ಮಾರ್ಚಿನಲ್ಲಿ ನಮ್ಮ ಆಫೀಸಿನವರೆಲ್ಲ ಸೇರಿ ಒಂದು ದಿನದ ತಿರುಗಾಟಕ್ಕೆ ಜಾಗ ಹಿಡಿದರು. ಎಲ್ಲಿ ಎಂದು ಬಸ್ಸು ಹತ್ತಿದ ಮೇಲೆ ಗೊತ್ತಾಯಿತು ಎಂದರೆ ಸುಳ್ಳಾಗುತ್ತದೆ. ನಾಲ್ಕು ದಿನ ಮೊದಲೇ ಗೊತ್ತಿತ್ತು. ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಏನಾದೀತು, ನೋಡಿಯೇ ಬಿಡೋಣ ಎಂಬ ಹಟವೂ ಇತ್ತು.

ಸಣ್ಣ ಮನೆಗಳು ಚೆನ್ನಾಗಿವೆ. ಊಟದ ಚಪ್ಪರದ ಪಕ್ಕ ಒಂದು ಹಲಗೆ: ಹೊಳೆಯ ಕಡೆ ದಾರಿ, ಅತಿಥಿಗಳಿಗೆ ಮಾತ್ರ. ಬಾಣದ ಗುರುತಿನ ಕೆಳಗಿನಿಂದ ಚಪ್ಪಟೆ ಕಲ್ಲು ಹಾಸಿದ ಕಾಲುದಾರಿ ಶುರುವಾಗಿತ್ತು. ನಾನು ಕಾಲಿಟ್ಟೆ. ಮುಂದೆ ಬಲಕ್ಕೆ ಒಂದು ಸಣ್ಣ ತಿರುವು, ಆಮೇಲೆ ಮತ್ತಿ ಮರ, ಆಮೇಲೆ ಇಳಿಜಾರು. ಕಣ್ಣು ಮುಚ್ಚಿಕೊಂಡೇ ನಡೆಯಬಲ್ಲೆ. ಅಗಲ ಕೂಡ ಅಷ್ಟೇ, ಒಂದು ಎಮ್ಮೆ, ಒಬ್ಬ ಮನುಷ್ಯ.

ಕಲ್ಲಿನ ಸಂದಿಯ ಹುಲ್ಲು ಕೀಳುತ್ತಿದ್ದ ಕೆಲಸದವನನ್ನು, ದಾರಿ ಇಲ್ಲೇ ಯಾಕೆ ಮಾಡಿದಿರಿ ಎಂದು ಕೇಳಿದೆ.

"ನಾವೇನ್ ಮಾಡಿಲ್ರಿ ಬಾಯಾರ," ಎಂದ. "ಭತ್ತದ ಕೂಳಿ ತಗದ್ರ ಕೆಳಗ ನೆಲಾ ಮೊದಲ ಹಿಂಗ ಇತ್ತು. ಗಟ್ಟಿ, ನಡುವ ಒಂದೀಟ ತಗ್ಗ. ಬರೇ ಕಲ್ಲ ಹಾಸಿದ್ವಿ. ಸಸಾರ ಆತು."

ಕುರುಹು ಇತ್ತು. ಭತ್ತದ ಕೆಳಗೆ ಇತ್ತು. ಮೂರು ತಿಂಗಳು ತಡೆದಿದ್ದರೆ ಛತ್ರಿಯ ಸಾಹೇಬರಿಗೂ ಕಾಣುತ್ತಿತ್ತು, ಅವರು ಕಂಡದ್ದನ್ನೇ ಬರೆಯುವ ಮನುಷ್ಯ. ನನ್ನ ಬಾಜು ಟೇಬಲ್ಲಿನವರು ಮಡುವಿನಲ್ಲಿ ಎದೆಮಟ್ಟ ನಿಂತು, ಬರ್ರಿ ಮೇಡಂ ಎಂದು ಕರೆಯುತ್ತಿದ್ದರು. ತಲೆನೋವು ಎಂದು ಹೇಳಿ ಹಿಂದಿರುಗಿದೆ.

ಗೇಟು ದಾಟಿ, ತಂತಿಯ ಬೇಲಿ ಸುತ್ತಿ ಅಕ್ಕನ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಕಟ್ಟಿಗೆ ಒಟ್ಟಿದ್ದಳು. ನನ್ನನ್ನು ನೋಡಿ ಗಾಬರಿಯಾದಳು, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಯಾಕೆ ಬಂದೆ ಎಂದು. ಆಫೀಸಿನವರ ಜೊತೆ ಅಲ್ಲಿಗೆ ಬಂದಿದ್ದೆ ಎಂದೆ. ಬೈಯಲಿ ಎಂದು ಕಾದು ಕೂತೆ. ಅವಳು ಪ್ಯಾಕೆಟ್ ಹಾಲು ಕತ್ತರಿಸಿ ಚಹಾಕ್ಕೆ ಇಟ್ಟಳು. ಎರಡು ವರ್ಷದಿಂದ ಅವಳು ಆ ಮಡುವನ್ನು ನೋಡಿಲ್ಲ.

ಒಲೆಯ ಕಡೆ ಮುಖ ಮಾಡಿಕೊಂಡೇ, "ಮಡದಾಗ ನೀರ ಎಷ್ಟ ಐತಿ?" ಎಂದು ಕೇಳಿದಳು.

"ಎದಿಮಟ ಐತಿ."

ಅವಳು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು. ಚೈತ್ರ, ವೈಶಾಖ.

"ಹಂಗಾರ ಮಳಿ ಬರೂ ಮಟಾ ಏಳಕ್ಕೂ ಸಾಕಾಗ್ತಿತ್ತು," ಎಂದು ಚಹಾ ಸೋಸಿದಳು.